ದೊಡ್ಡ ಕೆರೆಯಲ್ಲಿ ಗಾಳ ಹಾಕುವ ಬಗೆ

ಗಾಳ ಹಾಕಿ ಮೀನು ಹಿಡಿಯುವುದು ಸೋಮಾರಿಗಳ ಕಾಲಕ್ಷೇಪವೆಂದು ನಮ್ಮಲ್ಲಿ ಅನೇಕರ ಭಾವನೆ. ಕೋಲನ್ನು ಹಿಡಿದು ದಡದಲ್ಲಿ ಕುಳಿತವನನ್ನು ಕಂಡವರು, ಆತನಿಗೆ ಮನೆಯಲ್ಲಿ ಬೇರೆ ಕೆಲಸವಿಲ್ಲವೆಂದು ತೀರ್ಮಾನಿಸುವರು. ಆದರೆ ಪೂರ್ವಿಕರು ಇದನ್ನು ರಾಜಯೋಗ್ಯವಾದ ವಿನೋದಗಳಲ್ಲಿ ಒಂದೆಂದು ಎಣಿಸಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೇ ಉಂಟು. ಮೀನಿನ ಜಾತಿಗಳೆಷ್ಟು, ಯಾವುದು ಎಂತಹ ನೀರಿನಲ್ಲಿ ವಾಸಿಸುವುದು, ಯಾವುದಕ್ಕೆ ಯಾವ ಆಹಾರ, ದಾರವೂ ಕೋಲೂ ಹೇಗಿರಬೇಕು ಎಂಬಿವೆಲ್ಲ ಅಲ್ಲಿ ವಿಚಾರಿಸಲ್ಪಟ್ಟಿವೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಥಾಮಸ್ ಎಂಬ ಆಂಗ್ಲೇಯರು ಇದೇ ವಿಷಯವಾಗಿ ಬರೆದ ಪ್ರಸಿದ್ಧ ಇಂಗ್ಲಿಷ್ ಪುಸ್ತಕವು 1873ರಲ್ಲಿ ಮಂಗಳೂರಿನಿಂದಲೇ ಹೊರಬಿದ್ದಿತು. ಆದುದರಿಂದ ಈ ವಿದ್ಯೆಗೂ ಕನ್ನಡನಾಡಿಗೂ ಇರುವ ಸಂಬಂಧವು ಹಳೆಯದು.

ಹೊಳೆಯ ಮೀನನ್ನು ಹಿಡಿಯುವ ಕ್ರಮ ಬೇರೆ, ಕೆರೆಯದು ಬೇರೆ. ಹೊಳೆಯಲ್ಲಿ ಪ್ರವಾಹವೇ ಮೀನಿನ ನೆಲೆಯನ್ನು ತೋರಿಸಿಕೊಡುವುದು. ಸಾವಿರಾರು ಎಕರೆ ಹರಡಿಕೊಂಡ ನಿಂತ ನೀರಿನಲ್ಲಿಯಾದರೋ ಎಲ್ಲ ಕಡೆಯೂ ಒಂದೇ ಸಮನಾಗಿ ಕಾಣುವುದು. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಅಂದರೆ ಜನರ ಬಾಯಲ್ಲಿ ಸೂಳೆಕೆರೆ, ಇದಕ್ಕೆ ಒಳ್ಳೆಯ ನಿದರ್ಶನ. ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಅಡ್ಡಲಾಗಿ ಕಟ್ಟಿದ ಏರಿಯು ಬಹಳ ಉದ್ದವಾದುದಲ್ಲ. ಅದರ ಹಿಂದೆ ನಿಂತ ನೀರೋ ಕಣ್ಣಿಗೆ ಎಟುಕದಷ್ಟು. ಅಂತಹ ಕೆರೆಯ ದಡದಲ್ಲಿ ಎಲ್ಲಿ ಕುಳಿತುಕೊಳ್ಳಬೇಕೆಂಬುದೇ ಮೊದಲನೆಯ ಪ್ರಶ್ನೆ.

ಸ್ಥಳ

ಇದಕ್ಕೆ ಉತ್ತರವನ್ನು ಗಾಳಿಯೇ ಹೇಳುವುದು. ಗಾಳಿಯು ಯಾವ ದಡದ ಕಡೆಗೆ ಬೀಸುವುದೋ ಆ ದಡಕ್ಕೆ ನೀರಿನ ಮೇಲಿನ ಹುಳುಗಳೂ ಕಸಕಡ್ಡಿಯೂ ಸೂಕ್ಷ್ಮ ಜೀವಿಗಳೂ ಬಂದು ಸೇರುವುವು. ಅಲೆಗಳು ಒಡೆಯುವುದರಿಂದ ನೀರಿಗೆ ಪ್ರಾಣವಾಯುವೂ ಹೆಚ್ಚಾಗಿ ಬೆರೆಯುವುದು. ಆಹಾರವಿದ್ದಲ್ಲಿ ಮೀನು. ಮಳೆಗಾಲ ಮುಗಿಯುತ್ತ ಬಂದಾಗ ಪಡುವಣ ಗಾಳಿಯಿರುವ ತನಕ ಮೂಡಣ ದಡವನ್ನೂ, ಚಳಿಗಾಲದಲ್ಲಿ ಮೂಡಣ ಗಾಳಿ ತಿರುಗಿದ ಮೇಲೆ ಪಡುವಣ ದಡವನ್ನೂ ಆರಿಸಿಕೊಳ್ಳತಕ್ಕದ್ದು. ಜೊಂಡು ಬೆಳೆದ ಅಂಚು, ಮುಳುಗಿದ ಮರ, ಬಂಡೆಯ ನೆರಳು, ತಿಳಿನೀರು ಹಠಾತ್ತಾಗಿ ಆಳವಾಗುವ ಎಡೆ, ಇವು ಮೀನಿನ ವಾಸಸ್ಥಾನಗಳು.

ಮೀನಿನ ಎರಡು ಪಕ್ಕೆಗಳಲ್ಲಿಯೂ ತಲೆಯಿಂದ ಬಾಲದವರೆಗೆ ಒಂದು ರೇಖೆಯುಂಟು. ನೀರಿನ ಅತ್ಯಲ್ಪ ಕಂಪವನ್ನೂ ಅದು ಆ ರೇಖೆಯಿಂದ ಗ್ರಹಿಸುವುದು. ಆದುದರಿಂದ ದಡದಲ್ಲಿ ಧಡಧಡನೆ ನಡೆಯಬಾರದು, ನೆರಳು ನೀರಿನ ಮೇಲೆ ಬೀಳದಂತೆ ಕುಳಿತಿರಬೇಕು.

ಕಾಲ

ಮೀನಿನ ಮೈಯಲ್ಲಿ ನಮ್ಮಂತೆ ಸ್ಥಿರವಾದ ಶಾಖವಿಲ್ಲ. ನೀರು ಎಷ್ಟು ಬಿಸಿಯೋ ಅದರ ಮೈಯೂ ಅಷ್ಟೇ. ಬೇಸಿಗೆಯ ಮಧ್ಯಾಹ್ನ ಅದು ತಂಪನ್ನರಸಿ ಆಳಕ್ಕೆ ಇಳಿಯುವುದು. ಮುಂಜಾನೆಯೂ ಸಂಜೆಯೂ ಅಂಚಿನ ತೆಳುನೀರಿಗೆ ಮೇಯಲು ಬರುವುದು. ಮಾಗಿಯ ಚಳಿಯಲ್ಲಾದರೆ ಬಿಸಿಲೇರಿದ ಮೇಲೆಯೇ ಅದಕ್ಕೆ ಹಸಿವು. ಈ ಭೇದವನ್ನರಿಯದೆ ವೈಶಾಖದ ನಡುಹಗಲಿನಲ್ಲಿ ದಡದ ಬಳಿ ಗಾಳವಿಟ್ಟವನಿಗೆ ತಲೆನೋವಲ್ಲದೆ ಬೇರೇನೂ ಲಭಿಸದು.

ಜಾತಿ ಮತ್ತು ಎರೆ

ಮೀನಿನ ಬಾಯನ್ನು ನೋಡಿ ಅದರ ಊಟದ ಎಲೆ ಎಲ್ಲಿದೆಯೆಂದು ತಿಳಿಯಬಹುದು. ಕಾಟ್ಲಾ ಮೀನಿನ ಬಾಯಿ ಮೇಲ್ಮೊಗವಾಗಿರುವುದು; ಅದು ಮೇಲ್ನೀರಿನಲ್ಲಿ ಮೇಯುವುದು. ಸಂಸ್ಕೃತದ ‘ರೋಹಿತ’ವೇ ಇಂದಿನ ರೋಹು, ಅದು ನಡುನೀರಿನದು. ಮೃಗಾಲ್ ತಳವನ್ನು ಬಿಡದು. ಈ ಮೂರೂ ಉತ್ತರದೇಶದ ನದಿಗಳಿಂದ ನಮ್ಮ ಕೆರೆಗಳಿಗೆ ತಂದು ಬಿಟ್ಟವು. ಹೊರದೇಶದಿಂದ ಬಂದ ಸಾಮಾನ್ಯ ಗೆಂಡೆಯು ಕೆಸರನ್ನು ಬಗೆದು ತಿನ್ನುವುದು. ಆದುದರಿಂದ ಗಾಳವನ್ನು ಎಷ್ಟು ಆಳಕ್ಕೆ ಇಳಿಸಬೇಕೆಂಬುದು ಯಾವ ಮೀನನ್ನು ಬಯಸಿದ್ದೇವೆಂಬುದನ್ನು ಅವಲಂಬಿಸಿದೆ. ದಾರದಲ್ಲಿ ಬೆಂಡನ್ನು ಮೇಲೆ ಕೆಳಗೆ ಸರಿಸಿ ಇದನ್ನು ಸರಿಪಡಿಸಿಕೊಳ್ಳಬಹುದು.

ಈ ಜಾತಿಗಳಿಗೆ ರಾಗಿಯ ಹಿಟ್ಟಿನ ಎರೆಗೆ ಸಮನಾದುದಿಲ್ಲ. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಸ್ವಲ್ಪ ಕಡಲೆಕಾಯಿ ಹಿಂಡಿಯ ಪುಡಿಯನ್ನು ಸೇರಿಸಿ, ಬಿಸಿಯಿರುವಾಗಲೇ ಚೆನ್ನಾಗಿ ನಾದಬೇಕು. ನೀರಿನಲ್ಲಿ ಕರಗಬಾರದು, ಕಲ್ಲಿನಂತೆಯೂ ಇರಬಾರದು. ನಾವು ಉಣ್ಣುವ ಮುದ್ದೆಗಿಂತ ಒಂದಿಷ್ಟು ಗಟ್ಟಿಯಾದರೆ ಸರಿ. ಗಾಳ ಹಾಕುವುದಕ್ಕೆ ಮುಂಚೆ ಎರಡು ಮೂರು ದಿನ ಅದೇ ಎಡೆಯಲ್ಲಿ ಒಂದೊಂದು ಹಿಡಿ ಹಿಂಡಿಯನ್ನು ಚೆಲ್ಲುತ್ತ ಬಂದರೆ ಮೀನು ಆ ಜಾಗಕ್ಕೆ ರೂಢಿಯಾಗುವುದು. ಅತಿಯಾಗಿ ಚೆಲ್ಲಿದರೆ ಹೊಟ್ಟೆ ತುಂಬಿದ ಮೀನು ಗಾಳವನ್ನು ಮುಟ್ಟದು. ಉಳಿದುದು ಕೊಳೆತು ನೀರು ಕೆಡುವುದು.

ಮಾಂಸಾಹಾರಿಗಳ ಪೈಕಿ ಬಾಳೆಮೀನು ಮುಖ್ಯವಾದುದು. ಸಂಸ್ಕೃತ ಕೋಶಗಳಲ್ಲಿ ‘ಪಾಠೀನ’ಕ್ಕೆ ‘ಸಹಸ್ರದಂಷ್ಟ್ರ’ವೆಂಬ ಹೆಸರುಂಟು, ಆ ಪಾಠೀನವು ಇದೇ ಎಂದು ಬಲ್ಲವರು ಹೇಳುವರು. ಅದರ ಬಾಯೊಳಗೆ ಸಾಲುಸಾಲಾದ ಹಲ್ಲುಗಳನ್ನು ಕಂಡವರಿಗೆ ಆ ಹೆಸರು ಅತ್ಯುಕ್ತಿಯೆನಿಸದು. ಕತ್ತಲಾದ ಮೇಲೆ ಸಣ್ಣ ಮೀನನ್ನು ಬೇಟೆಯಾಡುವ ಇದಕ್ಕೆ ಗಾಳದ ಬಳಿ ಗೇಣುದ್ದದ ತಂತಿಯನ್ನು ಕಟ್ಟದಿದ್ದರೆ ದಾರವು ಉಳಿಯದು. ಚೇಳುಮೀನು ಸಿಕ್ಕರೆ ಕೈಯಿಂದ ಹಿಡಿಯಬಾರದು. ಅದರ ಪಕ್ಕದ ಮುಳ್ಳುಗಳು ವಿಷಯುಕ್ತವಾದುವು. ಚುಚ್ಚಿದರೆ ತಾಳುವಷ್ಟು ಬಿಸಿನೀರಿನಲ್ಲಿ ಆ ಅವಯವವನ್ನು ಅದ್ದಿಡುವುದರಿಂದ ನೋವು ಶಮನವಾಗುವುದು. ಆಮೇಲೆ ವೈದ್ಯರಿಗೆ ತೋರಿಸತಕ್ಕದ್ದು.

ಬೆಂಡಿನ ಭಾಷೆ

ಬೆಂಡು ಅಲುಗಿದ ಕೂಡಲೆ ಕೋಲನ್ನು ಜಗ್ಗುವುದು ಹೊಸಬರ ಸ್ವಭಾವ. ಚಿಕ್ಕ ಮೀನು ಎರೆಯನ್ನು ಕುಕ್ಕಿದರೆ ಬೆಂಡು ಕುಣಿಯುವುದು, ಮುಳುಗದು. ದೊಡ್ಡ ಮೀನು ನುಂಗಿ ಹೊರಟಾಗ ಅದು ಓರೆಯಾಗಿ ನಿಧಾನವಾಗಿ ಒಳಗೆ ಹೋಗುವುದು. ತಳದ ಮೀನು ಎರೆಯನ್ನು ಎತ್ತಿಕೊಂಡಾಗ ಸೀಸದ ಭಾರವು ತಪ್ಪುವುದರಿಂದ, ಬೆಂಡು ಮುಳುಗುವುದರ ಬದಲು ಮೇಲೆದ್ದು ಅಡ್ಡಲಾಗಿ ಮಲಗುವುದು. ಅದೂ ಮೀನಿನ ಸೂಚನೆಯೇ. ಆಗ ಮಣಿಕಟ್ಟಿನಿಂದ ಮೆಲ್ಲನೆ ಎಳೆದರೆ ಸಾಕು, ಮುಳ್ಳು ನಾಟುವುದು.

ಅನಂತರ ಸಡಿಲವೂ ಬಿಗಿಯೂ ತಿಳಿದಿರಬೇಕು. ಮೀನು ಓಡಿದರೆ ದಾರವನ್ನು ಬಿಡುವುದು, ನಿಂತರೆ ಸೆಳೆಯುವುದು; ಆದರೆ ದಾರವು ಜೋಲುಬೀಳಲು ಎಂದಿಗೂ ಅವಕಾಶ ಕೊಡಲಾಗದು. ಬಳಲಿ ಪಕ್ಕಕ್ಕೆ ವಾಲಿದ ಮೀನನ್ನು ತಲೆಯ ಕಡೆಯಿಂದ ಕೈಬಲೆಯೊಳಕ್ಕೆ ಬರಮಾಡಿಕೊಳ್ಳಬೇಕು. ದಾರವನ್ನು ಹಿಡಿದು ಮೇಲಕ್ಕೆತ್ತಿದರೆ ತುಟಿ ಹರಿಯುವುದು, ಇಲ್ಲವೆ ದಾರವು.

ಎಚ್ಚರಿಕೆ

ಮಕ್ಕಳನ್ನು ಕರೆದುಕೊಂಡು ಹೋಗುವ ಗೃಹಸ್ಥರು ಇದನ್ನು ಮನಸ್ಸಿನಲ್ಲಿಡಬೇಕು. ಪಾಚಿ ಕಟ್ಟಿದ ಏರಿಯ ಕಲ್ಲುಗಳ ಮೇಲೆ ಕಾಲು ನಿಲ್ಲದು. ತೂಬಿನ ಬಳಿ ಮೇಲ್ನೀರು ಶಾಂತವಾಗಿದ್ದರೂ ಒಳಗೆ ಬಲವಾದ ಸೆಳೆತವಿರುವುದು. ಹೂಳಿನಲ್ಲಿ ಹೂತ ಕಾಲನ್ನು ಕೀಳುವುದು ಈಜು ಬಲ್ಲವರಿಗೂ ಕಷ್ಟ. ಸಿಕ್ಕಿಕೊಂಡ ಗಾಳವನ್ನು ಬಿಡಿಸಲು ನೀರಿಗಿಳಿದು ಪ್ರಾಣ ಕಳೆದುಕೊಳ್ಳುವವರುಂಟು. ಗಾಳವು ಅಂಗಡಿಯಲ್ಲಿ ಮತ್ತೊಂದು ಸಿಗುವುದು. ದಾರವನ್ನು ಕತ್ತರಿಸಿ ಬಿಡುವುದೇ ವಿವೇಕ. ಆದರೆ ಕೈಗೆ ಬಂದ ನೈಲಾನ್ ದಾರದ ತುಂಡನ್ನು ದಡದಲ್ಲಿ ಎಸೆಯಬಾರದು. ಅದು ಕೊಳೆಯದು, ಕೊಕ್ಕರೆಗಳ ಕಾಲಿಗೆ ಉರುಲಾಗುವುದು.

ಕೆರೆಯ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುವರು. ಮೀನಿನ ಮರಿಗಳನ್ನು ಹಣ ತೆತ್ತು ತಂದು ಬಿಟ್ಟವರು ಅವರು. ನಮಗೆ ವಿನೋದವಾದುದು ಅವರಿಗೆ ಅನ್ನ. ಮೊದಲು ಅವರ ಅನುಮತಿಯನ್ನು ಪಡೆದು ತರುವಾಯ ಕೋಲನ್ನು ಬಿಚ್ಚುವುದು ಧರ್ಮ.

ಮೀನಿನ ಸಂತತಿ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಮುಂಗಾರಿನ ಹೊಸನೀರು ಬಂದೊಡನೆ ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡಲು ಕೆರೆಗೆ ಬೀಳುವ ಹಳ್ಳಗಳನ್ನೇರುವುವು. ಆಗ ಅವನ್ನು ಹಿಡಿಯುವುದು ಬಹು ಸುಲಭ, ಅದಕ್ಕಾಗಿಯೇ ಹಿಡಿಯಲಾಗದು. ಒಂದು ತಾಯಿಮೀನನ್ನು ಕೊಂದವನು ಲಕ್ಷಾಂತರ ಮೊಟ್ಟೆಗಳನ್ನು ನಾಶಮಾಡಿದಂತಾಯಿತು. ಕಾಟ್ಲಾ, ರೋಹುಗಳಂತೂ ನಿಂತ ನೀರಿನಲ್ಲಿ ಸಂತಾನವನ್ನೇ ಪಡೆಯವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾಕ್ಟರ್ ಹೀರಾಲಾಲ್ ಚೌಧುರಿಯವರು ಔಷಧಿಯ ಚುಚ್ಚುಮದ್ದಿನಿಂದ ಈ ವರ್ಗದ ಮೀನುಗಳು ಮೊಟ್ಟೆಯಿಡುವಂತೆ ಮಾಡಿ ಯಶಸ್ವಿಯಾದರು. ಕೆರೆಗಳಿಗೆ ಮರಿಗಳು ಹೇರಳವಾಗಿ ದೊರೆಯುವಂತಾದುದು ಆ ವಿಧಾನದಿಂದ. ಆದರೆ ನಾಡಿನ ಸಣ್ಣ ಪುಟ್ಟ ಮೀನುಗಳಿಗೆ ಅಂತಹ ಉಪಕಾರಿಗಳಿಲ್ಲ. ಅವಕ್ಕೆ ಹಳ್ಳವೇ ಹೆರಿಗೆಮನೆ.

ಸಿಡಿಮದ್ದು ಹಾಕಿಯೂ ವಿಷ ಕಲಸಿಯೂ ಮೀನು ಹಿಡಿಯುವುದನ್ನು 1897ರ ಕಾಯಿದೆಯೇ ನಿಷೇಧಿಸಿತು. ಮದ್ದು ಸಿಡಿದರೆ ಹತ್ತು ಮೀನು ತೇಲುವುದು, ನೂರಾರು ಮರಿಗಳು ತಳದಲ್ಲಿ ಕೊಳೆಯುವುವು. ಹಾಗೆ ಮಾಡುವವರ ಮುಂದೆ ಸುಮ್ಮನಿರುವುದೂ ಸರಿಯಲ್ಲ. ಗಾಳಕ್ಕೆ ಸಿಕ್ಕ ಎಳೆಯ ಮೀನನ್ನು ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೆ ಬಿಡಬೇಕು. ಒಣ ಕೈಯಿಂದ ಹಿಡಿದರೆ ಅದರ ಮೈಯ ಲೋಳೆಯು ಅಳಿಸಿಹೋಗಿ ರೋಗ ತಗಲುವುದು.

ಏರಿಯನ್ನು ಕಟ್ಟಿದವರು ಮಕ್ಕಳ ಮಕ್ಕಳಿಗೂ ನೀರಿರಲೆಂದು ಕಟ್ಟಿದರು. ಆ ನೀರಿನ ಮೀನನ್ನು ಹಿಡಿಯುವವನೂ ಅದೇ ಲೆಕ್ಕವನ್ನಿಟ್ಟುಕೊಳ್ಳಬೇಕು. ಮನೆಮಂದಿಯ ಒಂದು ಹೊತ್ತಿನ ಸಾರಿಗೆ ಸಾಕಾದಷ್ಟು ದೊರೆತ ಮೇಲೆ ಕೋಲನ್ನು ಮಡಿಸಿ ಎದ್ದುಬರುವವನೇ ಈ ವಿದ್ಯೆಯಲ್ಲಿ ಪಂಡಿತನು.