ಬೆಕ್ಕಿಗೆ ಹುಷಾರಿಲ್ಲದಾಗ ಡಾಕ್ಟರ್ ಬದಲಿಸಬಹುದೇ? ಬದಲಿಸಬಹುದು, ಆದರೆ ಹಿಂದಿನದನ್ನು ಮುಚ್ಚಿಡಬಾರದು

ಬೆಕ್ಕು ಸಾಕುವವರ ನಡುವೆ ಎರಡು ಸಲಹೆಗಳು ಸದಾ ಓಡಾಡುತ್ತಿರುತ್ತವೆ. ಒಂದು: "ಚಿಕಿತ್ಸೆ ಶುರುವಾದ ಮೇಲೆ ಡಾಕ್ಟರನ್ನು ಬದಲಾಯಿಸಬೇಡಿ, ಕೈಗುಣ ಮುಖ್ಯ." ಇನ್ನೊಂದು ಇದಕ್ಕೆ ಪೂರ್ತಿ ವಿರುದ್ಧ: "ಎರಡು ದಿನದಲ್ಲಿ ಗುಣವಾಗದಿದ್ದರೆ ಬೇರೆ ಡಾಕ್ಟರ್ ಹತ್ತಿರ ಹೋಗಿ. ಮೊದಲು ಎಲ್ಲಿ ತೋರಿಸಿದ್ದಿರಿ ಅಂತ ಮಾತ್ರ ಹೇಳಬೇಡಿ. ಆಗಲೇ ಸರಿಯಾದ ಅಭಿಪ್ರಾಯ ಸಿಗುತ್ತದೆ."

ಇವೆರಡರಲ್ಲಿ ಯಾವುದು ಸರಿ? ಚಿಕ್ಕದಾಗಿ ಹೇಳುವುದಾದರೆ, ಎರಡೂ ಅಲ್ಲ. ಡಾಕ್ಟರನ್ನು ಬದಲಿಸುವುದು ತಪ್ಪಲ್ಲ, ಕೆಲವೊಮ್ಮೆ ಬದಲಿಸಲೇಬೇಕಾಗುತ್ತದೆ. ಆದರೆ ಹಿಂದಿನ ಚಿಕಿತ್ಸೆಯ ವಿವರ ಮುಚ್ಚಿಟ್ಟು ಬದಲಿಸಿದರೆ ಬೆಕ್ಕಿನ ಜೀವಕ್ಕೇ ಅಪಾಯ ಬರಬಹುದು.

ಈ ವಿಷಯ ಬರೆಯಲು ನಮಗೆ ಕಾರಣವಾದದ್ದು ನಮ್ಮಲ್ಲೊಬ್ಬರ ಮನೆಯ ಬೆಕ್ಕು. ಕುಂಟುತ್ತಿದ್ದ ಅದನ್ನು ಒಂದು ಕ್ಲಿನಿಕ್ಕಿನಲ್ಲಿ ತೋರಿಸಿ, ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದರು. ಮರುದಿನವೂ ಕುಂಟುವುದು ನಿಲ್ಲಲಿಲ್ಲ. ಇನ್ನೊಂದು ಕ್ಲಿನಿಕ್ಕಿಗೆ ಹೋದರು. "ಇದಕ್ಕೆ ಮೊದಲು ಎಲ್ಲಾದರೂ ತೋರಿಸಿದ್ದೀರಾ?" ಎಂದು ಕೇಳಿದಾಗ, ಡಾಕ್ಟರು ಬೇಜಾರು ಮಾಡಿಕೊಂಡಾರು ಎಂಬ ಸಂಕೋಚಕ್ಕೆ "ಇಲ್ಲ" ಎಂದರು. ನೋವಿನ ಇಂಜೆಕ್ಷನ್ನಿಗೆ ಸಿರಿಂಜ್ ಸಿದ್ಧ ಮಾಡಿಕೊಳ್ಳುತ್ತಾ ಆ ಡಾಕ್ಟರು ಮತ್ತೊಮ್ಮೆ ಕೇಳಿದರು: "ಈ ವಾರ ಯಾವುದೇ ಇಂಜೆಕ್ಷನ್ ಆಗಿಲ್ಲ ತಾನೇ?" ಆಗ ಬಾಯಿಬಿಟ್ಟರು. ಮೊದಲ ಕ್ಲಿನಿಕ್ಕಿಗೆ ಫೋನ್ ಮಾಡಿ ವಿಚಾರಿಸಿದಾಗ ಹಿಂದಿನ ದಿನ ಹಾಕಿದ್ದು ಸ್ಟಿರಾಯ್ಡ್ ಎಂದು ಗೊತ್ತಾಯಿತು. ಸಿರಿಂಜ್ ಅಲ್ಲೇ ಪಕ್ಕಕ್ಕೆ ಹೋಯಿತು.

ಆ ಎರಡನೇ ಪ್ರಶ್ನೆ ಬಾರದೇ ಹೋಗಿದ್ದರೆ?

ಮುಚ್ಚಿಟ್ಟರೆ ಆಗುವುದೇನು?

ಸ್ಟಿರಾಯ್ಡ್ ಒಂದು ಬಗೆಯ ಔಷಧಿ. ಮೆಲಾಕ್ಸಿಕಾಮ್‌ನಂತಹ ನೋವು ನಿವಾರಕಗಳು ಇನ್ನೊಂದು ಬಗೆ. ಎರಡೂ ಊತ, ಉರಿ ಕಡಿಮೆ ಮಾಡುತ್ತವೆ. ಆದರೆ ಹೊಟ್ಟೆ ಮತ್ತು ಕರುಳಿನ ಒಳಪದರವನ್ನು ಕಾಪಾಡುವ ವ್ಯವಸ್ಥೆಗೆ ಎರಡೂ ಅಡ್ಡಿ ಮಾಡುತ್ತವೆ. ಒಂದರ ಬೆನ್ನಿಗೆ ಇನ್ನೊಂದು ಬಿದ್ದರೆ ಹುಣ್ಣು, ರಕ್ತಸ್ರಾವ, ಕೆಲವೊಮ್ಮೆ ಕರುಳಿನಲ್ಲಿ ತೂತು ಆಗುವ ಅಪಾಯವಿದೆ. ಹಾಗಾಗಿ ಇವೆರಡರ ನಡುವೆ ಅಂತರ ಬಿಡಲೇಬೇಕು. ಎಷ್ಟು ದಿನ ಎಂಬುದು ಯಾವ ಔಷಧಿ ಎನ್ನುವುದರ ಮೇಲೆ ನಿಂತಿದೆ. ಕೆಲವು ಸ್ಟಿರಾಯ್ಡ್ ಇಂಜೆಕ್ಷನ್‌ಗಳು ಒಂದು ದಿನದಲ್ಲಿ ಇಳಿದರೆ, ಕೆಲವು ವಾರಗಟ್ಟಲೆ ದೇಹದಲ್ಲಿ ಕೆಲಸ ಮಾಡುತ್ತಲೇ ಇರುತ್ತವೆ.

ಎರಡು ಕಡೆಯೂ ಒಂದೇ ಔಷಧಿ ಹಾಕಿದರೂ ತೊಂದರೆಯೇ. ಮೆಲಾಕ್ಸಿಕಾಮ್ ಅನ್ನು ಬೆಕ್ಕುಗಳಿಗೆ ಮತ್ತೆ ಮತ್ತೆ ಕೊಟ್ಟಾಗ ಮೂತ್ರಪಿಂಡ ಕೈಕೊಟ್ಟು ಸಾವು ಸಂಭವಿಸಿದ್ದುಂಟು ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಅದರ ಲೇಬಲ್‌ಗೆ ಸೇರಿಸಿತು. ಇದರರ್ಥ ಆ ಔಷಧಿ ಕೆಟ್ಟದ್ದು ಎಂದಲ್ಲ. ಪಶುವೈದ್ಯರು ಅಳೆದು ಕೊಟ್ಟಾಗ ಅದು ಉಪಯುಕ್ತ ಔಷಧಿಯೇ. ಆದರೆ ಸೋಮವಾರ ಒಬ್ಬರು, ಮಂಗಳವಾರ ಇನ್ನೊಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕೊಟ್ಟರೆ ಅಳತೆ ಯಾರ ಕೈಯಲ್ಲೂ ಇರುವುದಿಲ್ಲ.

ಪರೀಕ್ಷೆಗಳೂ ದಾರಿ ತಪ್ಪಬಹುದು. ಆ್ಯಂಟಿಬಯೋಟಿಕ್ ಕೊಟ್ಟ ಮೇಲೆ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದರೆ ಸೋಂಕು ಇದ್ದರೂ ಇಲ್ಲ ಎಂದು ಬರಬಹುದು. ಲಿಂಫೋಮಾ ಎಂಬ ಕ್ಯಾನ್ಸರ್ ಇರುವ ಬೆಕ್ಕಿಗೆ ಸ್ಟಿರಾಯ್ಡ್ ಬಿದ್ದಿದ್ದರೆ ಗೆಡ್ಡೆ ತಾತ್ಕಾಲಿಕವಾಗಿ ಕುಗ್ಗಿ ರೋಗ ಪತ್ತೆ ತಡವಾಗಬಹುದು. "ಹೇಳದಿದ್ದರೆ ಸರಿಯಾದ ಅಭಿಪ್ರಾಯ ಸಿಗುತ್ತದೆ" ಎಂಬ ಮಾತು ತಲೆಕೆಳಗು ಎನ್ನುವುದು ಇದಕ್ಕೇ.

ಹಾಗಾದರೆ 'ಕೈಗುಣ'?

ಮೊದಲ ಡಾಕ್ಟರ ಔಷಧಿ ಕೆಲಸ ಮಾಡಲಿಲ್ಲ, ಎರಡನೆಯವರು ಮುಟ್ಟಿದ್ದೇ ತಡ ಗುಣವಾಯಿತು ಎನ್ನುವವರನ್ನು ನೀವೂ ನೋಡಿರುತ್ತೀರಿ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕಾಯಿಲೆ ತೀರಾ ಹೆಚ್ಚಾದಾಗಲೇ ನಾವು ಡಾಕ್ಟರ್ ಬದಲಿಸಲು ಓಡುತ್ತೇವೆ. ಹಲವು ಕಾಯಿಲೆಗಳು ಆ ಹಂತ ತಲುಪಿದ ಮೇಲೆ ತಾವಾಗಿಯೇ ಇಳಿಯತೊಡಗುತ್ತವೆ. ಮೊದಲಿನ ಔಷಧಿಯೂ ಅಷ್ಟರಲ್ಲಿ ಕೆಲಸ ಆರಂಭಿಸಿರುತ್ತದೆ. ಹೆಸರು ಮಾತ್ರ ಕೊನೆಗೆ ನೋಡಿದವರಿಗೆ ಹೋಗುತ್ತದೆ. ಎರಡನೆಯ ಡಾಕ್ಟರಿಗೆ ಹಿಂದಿನವರು ಏನು ಕೊಟ್ಟು ನೋಡಿದ್ದಾರೆಂಬುದು ಗೊತ್ತಿದ್ದರೆ ಅದೂ ದೊಡ್ಡ ಅನುಕೂಲ, ಯಾವುದು ಅಲ್ಲ ಎಂಬುದು ಆಗಲೇ ತಿಳಿದಿರುತ್ತದೆ.

ಮನೆಯಲ್ಲಿ ಕೊಟ್ಟಿದ್ದನ್ನೂ ಹೇಳಿ

ಡಾಕ್ಟರ್ ಬದಲಿಸುವ ನಡುವಿನ ಒಂದೆರಡು ದಿನದಲ್ಲೇ ಮನೆಯ ಡಬ್ಬಿಯಲ್ಲಿರುವ ಮಾತ್ರೆ ಹೊರಬರುತ್ತದೆ. ಇದು ಎಲ್ಲಕ್ಕಿಂತ ಅಪಾಯದ ಹೊತ್ತು.

ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಪಿತ್ತಜನಕಾಂಗ ಈ ಔಷಧಿಯನ್ನು ಒಂದು ಕಿಣ್ವದ ನೆರವಿನಿಂದ ನಿರಪಾಯಕಾರಿಯಾಗಿಸಿ ಹೊರಹಾಕುತ್ತದೆ. ಬೆಕ್ಕಿನಲ್ಲಿ ಆ ಸಾಮರ್ಥ್ಯ ತೀರಾ ಕಡಿಮೆ. ವಿಷಾಂಶ ರಕ್ತಕ್ಕೆ ಸೇರಿ, ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕೆಡಿಸುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಉಸಿರಾಟ ಕಷ್ಟವಾಗುತ್ತದೆ. 500 ಮಿಲಿಗ್ರಾಂ ಮಾತ್ರೆಯ ಅರ್ಧ ಎಂದರೆ 4 ಕೆಜಿ ಬೆಕ್ಕಿಗೆ ಪ್ರತಿ ಕೆಜಿಗೆ 60 ಮಿಲಿಗ್ರಾಂಗೂ ಹೆಚ್ಚು. ಜೀವ ಹೋಗಲು ಅಷ್ಟು ಸಾಕಾಗಬಹುದು.

ನಾಯಿಗೆಂದು ಮಾರುವ ಕೆಲವು ಉಣ್ಣೆ, ಚಿಗಟದ ಔಷಧಿಗಳಲ್ಲಿ ಪರ್ಮೆತ್ರಿನ್ ಇರುತ್ತದೆ. ಅದೂ ಬೆಕ್ಕಿಗೆ ವಿಷವೇ, ನಡುಕ ಮತ್ತು ಫಿಟ್ಸ್ ಬರಿಸುತ್ತದೆ. ಹೂಗುಚ್ಛದಲ್ಲಿ ಬರುವ ಲಿಲ್ಲಿ ಹೂವು, ಎಲೆ, ಪರಾಗ ಬೆಕ್ಕಿನ ಹೊಟ್ಟೆ ಸೇರಿದರೆ ಮೂತ್ರಪಿಂಡ ಹಾಳಾಗುತ್ತದೆ.

ತಪ್ಪಿ ಕೊಟ್ಟಿದ್ದರೆ "ಬೈಯುತ್ತಾರೆ" ಎಂದು ಮುಚ್ಚಿಡಬೇಡಿ. ಪ್ಯಾರಾಸಿಟಮಾಲ್ ವಿಷಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ. ಬೇಗ ಹೇಳಿದಷ್ಟೂ ಅದು ಕೆಲಸಕ್ಕೆ ಬರುತ್ತದೆ.

ಹಳೆಯ ರಿಪೋರ್ಟ್ ಯಾಕೆ ಬೇಕು?

ಬೆಕ್ಕು ತನ್ನ ನೋವನ್ನು ಅಡಗಿಸಿಡುವ ಪ್ರಾಣಿ. ಗುರ್ ಗುರ್ ಅನ್ನುತ್ತಿದೆ, ಆರಾಮಾಗಿದೆ ಎನ್ನುವಂತಿಲ್ಲ, ನೋವಿದ್ದಾಗಲೂ ಅದು ಗುರುಗುಟ್ಟುತ್ತದೆ. ಹೀಗಾಗಿ ಹೊಸ ಡಾಕ್ಟರಿಗೆ ಇವತ್ತಿನ ಬೆಕ್ಕು ಮಾತ್ರ ಕಂಡರೆ ಸಾಲದು, ಆರು ತಿಂಗಳ ಹಿಂದಿನ ಬೆಕ್ಕೂ ಕಾಣಬೇಕು.

ತೂಕವನ್ನೇ ನೋಡಿ. 4 ಕೆಜಿ ಬೆಕ್ಕು 400 ಗ್ರಾಂ ಇಳಿದರೆ ಕಣ್ಣಿಗೆ ಗೊತ್ತಾಗದೇ ಇರಬಹುದು. ಆದರೆ ಅದು ಶೇ 10ರಷ್ಟು, 50 ಕೆಜಿಯ ಮನುಷ್ಯ 5 ಕೆಜಿ ಇಳಿದಂತೆ. ಹಳೆಯ ಚೀಟಿಯಲ್ಲಿ ತೂಕ ಬರೆದಿದ್ದರೆ ಮಾತ್ರ ಇದು ಸಿಕ್ಕಿಬೀಳುತ್ತದೆ.

ಮೂತ್ರಪಿಂಡದ ಪರೀಕ್ಷೆಯಾದ ಕ್ರಿಯಾಟಿನಿನ್ ಕೂಡ ಹಾಗೆಯೇ. ಸಾಮಾನ್ಯವಾಗಿ ಮೂತ್ರಪಿಂಡದ ಮುಕ್ಕಾಲು ಪಾಲು ಕಾರ್ಯಶಕ್ತಿ ಹೋಗುವವರೆಗೂ ಅದು 'ನಾರ್ಮಲ್' ಗೆರೆಯನ್ನು ದಾಟುವುದಿಲ್ಲ. ಆದರೆ ಹಿಂದಿನ ಎರಡು ಮೂರು ರಿಪೋರ್ಟ್‌ಗಳನ್ನು ಪಕ್ಕಪಕ್ಕ ಇಟ್ಟರೆ, ಗೆರೆಯೊಳಗೇ ಅದು ಏರುತ್ತಿರುವುದು ಕಾಣಬಹುದು.

ಇನ್ನೊಂದು ವಿಚಿತ್ರವಿದೆ. ಹೊಸ ಜಾಗ, ಹೊಸ ವಾಸನೆ, ಪಕ್ಕದಲ್ಲಿ ಬೊಗಳುವ ನಾಯಿ ಇಷ್ಟರಿಂದಲೇ ಬೆಕ್ಕಿನ ರಕ್ತದ ಸಕ್ಕರೆ ಏರಬಲ್ಲದು. ಹೊಸ ಕ್ಲಿನಿಕ್ಕಿನಲ್ಲಿ ಒಮ್ಮೆ ಸಕ್ಕರೆ ಜಾಸ್ತಿ ಬಂತು ಎಂದ ಮಾತ್ರಕ್ಕೆ ಮಧುಮೇಹ ಎಂದಲ್ಲ. ಹಿಂದಿನ ಲೆಕ್ಕ, ಫ್ರಕ್ಟೋಸಮೀನ್‌ನಂತಹ ಪರೀಕ್ಷೆ, ಮನೆಯಲ್ಲಿ ಹೆಚ್ಚು ನೀರು ಕುಡಿಯುತ್ತಿದೆಯೇ ಎಂಬ ನಿಮ್ಮ ಮಾತು, ಎಲ್ಲ ಸೇರಿಸಿ ನೋಡಬೇಕಾಗುತ್ತದೆ.

ಬದಲಿಸಲು ಸರಿಯಾದ ಕಾರಣ ಯಾವುದು?

ಔಷಧಿಯ ಹೆಸರು ಕೇಳಿದರೆ ಹೇಳುವುದಿಲ್ಲ, ಚೀಟಿ ಬರೆಯುವುದಿಲ್ಲ. ಕೋರ್ಸ್ ಮುಗಿದರೂ ಗುಣವಿಲ್ಲ, ಆದರೂ ಪರೀಕ್ಷೆಯ ಮಾತೇ ಇಲ್ಲ. ಬೇಕಾದ ಸ್ಕ್ಯಾನಿಂಗ್, ಎಕ್ಸ್‌ರೇ ಅಲ್ಲಿ ಇಲ್ಲ. ಬೆಕ್ಕನ್ನು ಹಿಡಿದು ನೋಡಿ ಅಭ್ಯಾಸವಿಲ್ಲ. ಇವೆಲ್ಲ ನ್ಯಾಯವಾದ ಕಾರಣಗಳೇ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ಎರಡನೇ ಅಭಿಪ್ರಾಯ ಕೇಳುವುದೂ ಒಳ್ಳೆಯದೇ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇದಕ್ಕೊಂದು ದಾರಿ.

"ನಿನ್ನೆ ಮಾತ್ರೆ ಕೊಟ್ಟೆ, ಇವತ್ತೂ ಹಾಗೇ ಇದೆ" ಎನ್ನುವುದು ಮಾತ್ರ ಎಲ್ಲ ಕಾಯಿಲೆಗೂ ಸಲ್ಲುವ ಕಾರಣವಲ್ಲ. ಚರ್ಮಕ್ಕೆ ಹುಳುಕಡ್ಡಿಯಾಗಿದ್ದರೆ ವಾಸಿಯಾಗಲು ವಾರಗಳೇ ಬೇಕು. "ಎಷ್ಟು ದಿನದಲ್ಲಿ ಗುಣ ಕಾಣಬೇಕು? ಕಾಣದಿದ್ದರೆ ಮುಂದೇನು?" ಎಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಯಾರ ಬಳಿ ಹೋಗುತ್ತಿದ್ದೀರಿ ಎಂಬುದನ್ನೂ ನೋಡಿ. ಪಶುವೈದ್ಯರು ಬಿವಿಎಸ್ಸಿ ಪದವಿ ಪಡೆದವರು, ರಾಜ್ಯದ ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾದವರು. ಪೆಟ್ ಶಾಪ್‌ನವರ ಅನುಭವ ಎಷ್ಟೇ ಇದ್ದರೂ ಅದು ಈ ಪದವಿಗೆ ಬದಲಿಯಲ್ಲ.

ಯಾವಾಗ ಆಯ್ಕೆ ಮಾಡುತ್ತಾ ಕೂರಬಾರದು?

ಈ ಕೆಳಗಿನವು ಕಂಡರೆ ಹಳೆಯ ಡಾಕ್ಟರೋ ಹೊಸಬರೋ ಎಂದು ಯೋಚಿಸಬೇಡಿ. ತೆರೆದಿರುವ, ಹತ್ತಿರದ ಪಶು ಆಸ್ಪತ್ರೆಗೆ ತಕ್ಷಣ ಹೋಗಿ.

• ಗಂಡು ಬೆಕ್ಕು ಮತ್ತೆ ಮತ್ತೆ ಮುಕ್ಕುತ್ತಿದ್ದರೂ ಮೂತ್ರ ಬರುತ್ತಿಲ್ಲ. ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುತ್ತಾ ಕೂರಬೇಡಿ. ಮೂತ್ರನಾಳ ಕಟ್ಟಿಕೊಂಡಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು.
• ಬಾಯಿ ತೆರೆದು ಏದುಸಿರು ಬಿಡುತ್ತಿದೆ.
• ಹಿಂಗಾಲುಗಳು ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪಿ ತಣ್ಣಗಾಗಿವೆ.
• ಫಿಟ್ಸ್ ಬರುತ್ತಿದೆ, ಅಥವಾ ವಿಷ, ಮನುಷ್ಯರ ಮಾತ್ರೆ ಹೊಟ್ಟೆ ಸೇರಿದೆ.

ಊಟ ಬಿಟ್ಟ ಬೆಕ್ಕನ್ನೂ ಹಗುರವಾಗಿ ನೋಡಬೇಡಿ. "ಹೊಟ್ಟೆ ಖಾಲಿ ಇದ್ದರೆ ಸರಿಹೋಗುತ್ತದೆ" ಎಂಬುದು ಬೆಕ್ಕಿಗೆ ಹೊಂದುವುದಿಲ್ಲ. ಕೆಲವು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಮೈಯ ಕೊಬ್ಬು ಕರಗಿ ಪಿತ್ತಜನಕಾಂಗದಲ್ಲಿ ತುಂಬಿಕೊಂಡು ಇನ್ನೊಂದು ದೊಡ್ಡ ಕಾಯಿಲೆ ಶುರುವಾಗುತ್ತದೆ. ಒಂದು ದಿನ ಪೂರ್ತಿ ಏನೂ ಮುಟ್ಟಿಲ್ಲವೆಂದರೆ ಡಾಕ್ಟರಿಗೆ ಫೋನ್ ಮಾಡಿ.

ಹೊಸ ಡಾಕ್ಟರ ಬಳಿ ಹೋಗುವ ಮುನ್ನ

1. ಹಳೆಯ ಚೀಟಿ, ರಕ್ತಪರೀಕ್ಷೆ, ಸ್ಕ್ಯಾನಿಂಗ್ ರಿಪೋರ್ಟ್‌ಗಳ ಫೋಟೋ ತೆಗೆದು ಫೋನಿನಲ್ಲಿ ಒಂದೇ ಕಡೆ ಇಡಿ. ನಿಮ್ಮ ಬಳಿ ಇಲ್ಲದಿದ್ದರೆ ಹಳೆಯ ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿ.
2. ಹಾಕಿದ ಇಂಜೆಕ್ಷನ್, ಕೊಟ್ಟ ಮಾತ್ರೆಗಳ ಹೆಸರು, ದಿನ, ಹೊತ್ತು ಬರೆದುಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್, ಬಾಟಲಿಯನ್ನೇ ತೆಗೆದುಕೊಂಡು ಹೋಗಿ.
3. ಲಸಿಕೆ ಪುಸ್ತಕ ಮರೆಯಬೇಡಿ. ರೇಬೀಸ್ ಲಸಿಕೆ ಯಾವಾಗ ಆಯಿತು ಎಂಬುದು ಬೆಕ್ಕಿಗಷ್ಟೇ ಅಲ್ಲ, ಅದನ್ನು ಹಿಡಿಯುವವರಿಗೂ ಮುಖ್ಯ.
4. ಕೆಮ್ಮು, ಕುಂಟು, ಫಿಟ್ಸ್ ಇದ್ದರೆ ವಿಡಿಯೋ ಮಾಡಿಕೊಳ್ಳಿ. ಮನೆಯಲ್ಲಿ ಕೆಮ್ಮುವ ಬೆಕ್ಕು ಡಾಕ್ಟರ ಮೇಜಿನ ಮೇಲೆ ಕೆಮ್ಮುವುದಿಲ್ಲ.
5. ಬೆಕ್ಕನ್ನು ಗಟ್ಟಿಮುಟ್ಟಾದ ಬುಟ್ಟಿ ಅಥವಾ ಕ್ಯಾರಿಯರ್‌ನಲ್ಲಿಟ್ಟು, ಗಾಳಿಯಾಡುವಂತೆ ಟವೆಲ್ ಹೊದಿಸಿ ಕರೆದೊಯ್ಯಿರಿ. ಹೊರಗಿನದು ಕಾಣದಿದ್ದರೆ ಗಾಬರಿ ಕಡಿಮೆ.
6. ಕೊಡುತ್ತಿದ್ದ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ದಿನಗಟ್ಟಲೆ ಕೊಟ್ಟ ಸ್ಟಿರಾಯ್ಡ್ ಮಾತ್ರೆಯನ್ನು ಒಮ್ಮೆಲೇ ಬಿಡುವುದೂ ಅಪಾಯ.

ಡಾಕ್ಟರು ಬೇಜಾರಾದರೆ?

ಮುಚ್ಚಿಡುವುದಕ್ಕೆ ಮೂಲ ಕಾರಣ ಈ ಸಂಕೋಚವೇ. ಹೊಸಬರ ಮುಂದೆ ಹಳಬರನ್ನು ದೂರಬೇಕಾಗಿಲ್ಲ, ಹಳಬರಿಗೆ ಸಬೂಬು ಹೇಳಬೇಕಾಗಿಯೂ ಇಲ್ಲ. "ಡಾಕ್ಟ್ರೇ, ಶುಕ್ರವಾರ ಬೇರೆ ಕಡೆ ತೋರಿಸಿದ್ವಿ, ಈ ಇಂಜೆಕ್ಷನ್ ಹಾಕಿದ್ರು, ಇನ್ನೂ ಊಟ ಮಾಡ್ತಿಲ್ಲ" ಎಂದರೆ ಸಾಕು. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಬೇಜಾರಾದರೂ ಅದು ಒಂದು ಗಳಿಗೆಯದು. ತಪ್ಪಾದ ಇಂಜೆಕ್ಷನ್ ಒಳಗೆ ಹೋದ ಮೇಲೆ ಹೊರಗೆ ತೆಗೆಯಲಾಗುವುದಿಲ್ಲ.

ನಮ್ಮವರ ಬೆಕ್ಕು ಈಗ ಕುಂಟುವುದಿಲ್ಲ. ಅದರ ಚೀಟಿಗಳೆಲ್ಲ ಒಂದು ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ, ಕ್ಯಾರಿಯರ್ ಪಕ್ಕದಲ್ಲೇ ಇರುತ್ತವೆ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: ಬೆಕ್ಕಿನ ಡಾಕ್ಟರನ್ನು ಬದಲಿಸಬಹುದು. ಹಿಂದೆ ಕೊಟ್ಟ ಪ್ರತಿಯೊಂದು ಔಷಧಿಯನ್ನೂ, ಮನೆಯಲ್ಲಿ ಕೊಟ್ಟಿದ್ದನ್ನೂ ಸೇರಿಸಿ, ಹೊಸಬರಿಗೆ ಹೇಳಿ. ಪ್ಯಾರಾಸಿಟಮಾಲ್ ಕೊಡಲೇಬೇಡಿ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ.