ವಿಮಾನ ರಿಪೇರಿ ಯಾರ ಹೊಣೆ?

"ಫೈಟರ್ ಬಿತ್ತು ಅಂತೀರಿ, ಅದನ್ನ ರಿಪೇರಿ ಮಾಡಾವ್ರು ಯಾರ್ರಿ?" ಬಬಲೇಶ್ವರದ ವೀಕ್ಷಕರೊಬ್ಬರು ಕೇಳಿದ್ರು.

ನಮ್ಮ ಟಿಕೋಟಾ ಬಸ್ಸು ನೆನಪಿಸಿಕೊಳ್ಳಿ. ಟೈರು, ನೀರು ನೋಡೋದು ಡ್ರೈವರ್. ಸಣ್ಣ ರಿಪೇರಿ ಡಿಪೋದ್ದು. ಎಂಜಿನ್ ಬಿಚ್ಚೋದು ವರ್ಕ್‌ಶಾಪಿನಲ್ಲಿ. ವಾಯುಪಡೆಯಲ್ಲೂ ಮೂರು ಹಂತ. ಬೀದರ್‌ನಲ್ಲಿ ಹಾಕ್ ವಿಮಾನ ಹಾರುವ ಮೊದಲು, ಇಳಿದ ಮೇಲೆ ತಪಾಸಣೆ ಮಾಡೋರು ಅದರ ಜೊತೆಗಿರೋ ತಂತ್ರಜ್ಞರು. ಇಂತಿಷ್ಟು ಗಂಟೆ ಹಾರಿದ ನಂತರದ ದೊಡ್ಡ ಸರ್ವಿಸಿಂಗ್ ವಾಯುನೆಲೆಯ ಬೇರೆ ಘಟಕದ್ದು. ಪೂರ್ತಿ ಬಿಚ್ಚಿ ಕಟ್ಟುವ ಓವರ್‌ಹಾಲ್‌ಗೆ ಮಾತ್ರ ಊರು ಬಿಡಬೇಕು. ಮಿಗ್-29 ಆದರೆ ನಾಸಿಕ್ ಬಳಿಯ ಓಝರ್‌ಗೆ, ನಾಗಪುರದ ಮೇಂಟೆನೆನ್ಸ್ ಕಮಾಂಡ್ ಅಡಿಯ 11ನೇ ಬೇಸ್ ರಿಪೇರ್ ಡಿಪೋಗೆ. ಮಿರಾಜ್ ಆದರೆ ಬೆಂಗಳೂರಿನ ಎಚ್‌ಎಎಲ್‌ಗೆ.

ಮಾಡಿದ ಕೆಲಸಕ್ಕೆ ಫಾರ್ಮ್ 700ರಲ್ಲಿ ಸಹಿ ಬೀಳಬೇಕು. ಎಂಜಿನಿಯರಿಂಗ್ ಓದಿ ಮೈಕ್ ಹಿಡಿದವನು ನಾನು. ನನ್ನ ತಪ್ಪಿಗೆ ಮರುದಿನ ತಿದ್ದುಪಡಿ ಸಾಕು. ಅಲ್ಲಿ ಹಾಗಲ್ಲ. ಪೈಲಟ್ ಕೂಡ ಆ ಸಹಿಗಳನ್ನ ನೋಡಿ, ತಾನೂ ಸಹಿ ಹಾಕಿಯೇ ಕಾಕ್‌ಪಿಟ್ ಹತ್ತೋದು.