ಕುರಿಯ ಔಷಧ ಕುರಿಗೆ, ಮಗುವಿನ ಮಾತ್ರೆ ಮಗುವಿಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಕುರಿ ಸಾಕುವ ಮನೆಗಳಿಗೆ ಜಂತುಹುಳುವಿನ ಔಷಧ ಹೊಸದಲ್ಲ. ಕುರಿಗೆ ಕುಡಿಸುವ ಬಾಟಲಿಯ ಮೇಲೆ ಹಲವು ಸಲ ಆಲ್ಬೆಂಡಜೋಲ್ ಎಂದೇ ಬರೆದಿರುತ್ತದೆ. ಅಂಗನವಾಡಿಯಲ್ಲಿ ಮಗುವಿಗೆ ಕೊಡುವ ಮಾತ್ರೆಯ ಹೆಸರೂ ಅದೇ. ಹಾಗಾದರೆ ಆ ಬಾಟಲಿಯಿಂದಲೇ ಮಗುವಿಗೂ ಒಂದು ಚಮಚ ಕುಡಿಸಬಹುದೇ? ಖಂಡಿತ ಕೂಡದು.

ಕುರಿಗೆ ಅದರ ಮೈತೂಕ ನೋಡಿ ಔಷಧ ಅಳೆಯುತ್ತಾರೆ. ದ್ರಾವಣದ ಸಾಂದ್ರತೆ ಎಲ್ಲ ಬಾಟಲಿಗಳಲ್ಲಿ ಒಂದೇ ಅಲ್ಲ. ಕೆಲವುಗಳಲ್ಲಿ ಬೇರೆ ಔಷಧವೂ ಬೆರೆತಿರುತ್ತದೆ.

ಮಕ್ಕಳ ಅಳತೆಯೇ ಬೇರೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಲ್ಲಿ ಆರಂಭವಾಯಿತು. ಅಂದು 1ರಿಂದ 19 ವರ್ಷದವರಿಗೆ 400 ಮಿಲಿಗ್ರಾಂ ಮಾತ್ರೆ ಕೊಡುತ್ತಾರೆ. 2 ವರ್ಷ ತುಂಬದ ಮಗುವಿಗೆ ಅರ್ಧ, ಉಳಿದವರಿಗೆ ಒಂದು. ಚಿಕ್ಕ ಮಕ್ಕಳಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. ದೊಡ್ಡ ಮಕ್ಕಳು ಚೆನ್ನಾಗಿ ಅಗಿದು ನುಂಗಬೇಕು. ಇಡೀ ಮಾತ್ರೆ ಗಂಟಲಿಗೆ ಸಿಕ್ಕಿಕೊಂಡೀತು.

ಈ ಔಷಧ ಹುಳು ಸಕ್ಕರೆಯ ಅಂಶವನ್ನು ಹೀರದಂತೆ ತಡೆಯುತ್ತದೆ. ಹುಳು ಹಸಿದು ಸಾಯುತ್ತದೆ. ಹೊಟ್ಟೆಯಲ್ಲಿ ಹುಳು ಹೆಚ್ಚಿದ್ದರೆ ತುಸು ಹೊಟ್ಟೆನೋವು, ವಾಕರಿಕೆ ಬರಬಹುದು. ಸಾಮಾನ್ಯವಾಗಿ ತಾನೇ ಶಮನವಾಗುತ್ತದೆ. ಕಡಿಮೆಯಾಗದಿದ್ದರೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಮಗುವಿಗೆ ಜ್ವರವಿದ್ದರೆ ಗುಣವಾದ ಮೇಲೆ ಕೊಡಿಸಿ. ಹಿಂದೆ ಫಿಟ್ಸ್ ಬಂದಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಮೊದಲ ಮೂರು ತಿಂಗಳಂತೂ ಬೇಡ. ಶಾಲೆಯಲ್ಲಿ ನುಂಗಿದ ಮಗುವಿಗೆ ಮನೆಯಲ್ಲಿ ಮತ್ತೆ ಕೊಡಬೇಡಿ.

ಮಾತ್ರೆ ಒಳಗಿನ ಹುಳುವನ್ನು ಕೊಲ್ಲುತ್ತದೆ, ಮಣ್ಣಿನದನ್ನಲ್ಲ. ಬರಿಗಾಲಿನಲ್ಲಿ ನಡೆದರೆ ಕೊಕ್ಕೆಹುಳು ಮತ್ತೆ ಒಳಹೊಕ್ಕೀತು. ಆದ್ದರಿಂದ ಚಪ್ಪಲಿ, ಶೌಚಾಲಯ, ಸೋಪು ಹಚ್ಚಿ ತೊಳೆದ ಕೈ, ಇವೂ ಔಷಧವೇ. ಕುರಿಯ ಬಾಟಲಿಯನ್ನು ಮಾತ್ರ ಇಂದೇ ಮಕ್ಕಳ ಕೈಗೆಟುಕದ ಕಡೆ ಎತ್ತಿಡಿ.